ಆರ್‌ಆರ್ ನಂಬರ್ ಇಲ್ಲದ ಮನೆಯ ಕರೆಂಟು

ನಮ್ಮ ಕಡೆ ಮನೆಗೆ ಕರೆಂಟು ಬರಬೇಕೆಂದರೆ ಮೊದಲು ಆರ್‌ಆರ್ ನಂಬರ್ ಬರಬೇಕು. ಜಾಗದ ಕಾಗದ, ಮಾಲೀಕರ ಹೆಸರು, ಕಂಬದಿಂದ ಎಷ್ಟು ದೂರ, ಲೋಡು ಎಷ್ಟು ಎಂದೆಲ್ಲ ಬರೆದುಕೊಂಡ ಮೇಲೆಯೇ ಲೈನ್‌ಮನ್ ಸರ್ವಿಸ್ ವೈರ್ ಎಳೆಯುವುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದ ದಿನದಿಂದ ಇವತ್ತಿನವರೆಗೆ ನಮ್ಮ ವಿದ್ಯುತ್ತಿನ ಚರಿತ್ರೆ ಎಂದರೆ ಕಂಬ ಮತ್ತು ತಂತಿಯ ಚರಿತ್ರೆಯೇ. ಕಂಬ ನೆಟ್ಟಲ್ಲೇ ನಿಲ್ಲುತ್ತದೆ. ಅದರಿಂದ ಕರೆಂಟು ಪಡೆಯುವ ಮನೆಯೂ ನಿಂತಲ್ಲೇ ನಿಂತಿರಬೇಕು.

ಮನೆಯೇ ಎದ್ದು ನಡೆದರೆ ಏನು ಮಾಡುವುದು? ಈ ಪ್ರಶ್ನೆಗೆ ಬಳಕೆಗೆ ಬರುವಂಥ ಉತ್ತರ ಹುಡುಕಿದವರಲ್ಲಿ ಅಮೆರಿಕದ ಮೋಟರ್‌ಹೋಮ್ ಜನ ಮುಖ್ಯರು. ಮೋಟರ್‌ಹೋಮ್ ಎಂದರೆ ಗಾಲಿಯ ಮೇಲಿನ ಮನೆ. ಮಂಚ, ಒಲೆ, ನೀರಿನ ಟ್ಯಾಂಕು, ಕಕ್ಕಸು ಎಲ್ಲ ಅದರೊಳಗೇ ಇರುತ್ತವೆ. ನಮಗೆ ಅದು ದುಡ್ಡಿದ್ದವರ ಪ್ರವಾಸದ ಶೋಕಿಯಂತೆ ಕಾಣುತ್ತದೆ. ಆದರೆ ಆ ಗಾಡಿಯ ಪಕ್ಕದ ನೆಲದಲ್ಲಿ ಬಿಸಿಲಿಗೆ ಒರಗಿಸಿಟ್ಟ ಸಣ್ಣ ಸೌರ ಪ್ಯಾನೆಲ್‌ನ ಕಥೆಯಲ್ಲಿ ನಮ್ಮ ಕುರಿಗಾಹಿಗಳಿಗೆ, ಕಬ್ಬು ಕಡಿಯುವ ಗ್ಯಾಂಗುಗಳಿಗೆ ಸಂಬಂಧಪಟ್ಟ ಪಾಠವಿದೆ.

ಗೂಟಕ್ಕೆ ಕಟ್ಟಿದ ಗಾಡಿ

1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪ್ರದರ್ಶನದಲ್ಲಿ ಪಿಯರ್ಸ್-ಆ್ಯರೋ ಎಂಬ ಕಂಪನಿ 'ಟೂರಿಂಗ್ ಲ್ಯಾಂಡೋ' ಎಂಬ ಕಾರನ್ನು ಇಟ್ಟಿತ್ತು. ಹಿಂದಿನ ಸೀಟು ಹಾಸಿಗೆಯಾಗುತ್ತಿತ್ತು, ಮಡಚುವ ಕೈತೊಳೆಯುವ ಬೋಗುಣಿ ಇತ್ತು. ಮೋಟರ್‌ಹೋಮ್ ಚರಿತ್ರೆ ಬರೆಯುವವರು ಹೆಚ್ಚಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ. ಅದು ಸಿರಿವಂತರ ವಸ್ತು. ಸಾಮಾನ್ಯರ ಕೈಗೆ ಇಂಥ ಗಾಡಿ ಬಂದದ್ದು ಎರಡನೇ ಮಹಾಯುದ್ಧದ ನಂತರ. ಜರ್ಮನಿಯಲ್ಲಿ 1951ರಿಂದ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನುಗಳನ್ನು ಮಲಗುವ ಮನೆಗಳನ್ನಾಗಿ ಮಾರ್ಪಡಿಸತೊಡಗಿತು. ಅಮೆರಿಕದ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನ ವಿನ್ನೆಬಾಗೊ ಕಂಪನಿ 1966ರಲ್ಲಿ ಮೋಟರ್‌ಹೋಮ್ ಕಟ್ಟಲು ಶುರು ಮಾಡಿತು.

ಇವುಗಳಲ್ಲಿ ಅಡುಗೆ ಗ್ಯಾಸಿನಿಂದ ಆಗುತ್ತಿತ್ತು. ಫ್ರಿಜ್ ಕೂಡ ಗ್ಯಾಸಿನ ಉರಿಯಿಂದಲೇ ತಣ್ಣಗಾಗುವ ಬಗೆಯದು. ಉಳಿದದ್ದು ದೀಪ, ನೀರಿನ ಪಂಪು, ಸಣ್ಣ ಫ್ಯಾನು, ರೇಡಿಯೋ. ಇವಕ್ಕೆ ಒಂದು ಬ್ಯಾಟರಿ. ಎಂಜಿನ್ ಓಡುವಾಗ ಅದು ಚಾರ್ಜ್ ಆಗುತ್ತದೆ. ದಿನವೂ ಓಡುತ್ತಿದ್ದರೆ ತೊಂದರೆಯಿಲ್ಲ. ಒಂದೇ ಕಡೆ ಎರಡು ಮೂರು ದಿನ ನಿಂತರೆ ಬ್ಯಾಟರಿ ಕೂತುಬಿಡುತ್ತದೆ.

ಆಗ ಇದ್ದ ದಾರಿಗಳು ಮೂರು. ಒಂದು, ಬಾಡಿಗೆ ಕೊಟ್ಟು ಕ್ಯಾಂಪ್‌ಗ್ರೌಂಡಿಗೆ ಹೋಗಿ ಅಲ್ಲಿನ ಕರೆಂಟಿನ ಕಂಬಕ್ಕೆ ವೈರ್ ಚುಚ್ಚುವುದು. ಎರಡು, ಜನರೇಟರ್ ಹಚ್ಚಿ ಅದರ ಸದ್ದು, ಹೊಗೆ, ಪೆಟ್ರೋಲ್ ಖರ್ಚು ತಡೆದುಕೊಳ್ಳುವುದು. ಮೂರು, ನಿಂತಲ್ಲೇ ಎಂಜಿನ್ ಓಡಿಸುವುದು. ಎಲ್ಲಿ ಬೇಕಾದರೂ ಹೋಗಬಹುದು ಎಂದು ಕೊಂಡ ಗಾಡಿ ಕೊನೆಗೆ ರಾತ್ರಿಯಾದರೆ ಗೂಟಕ್ಕೆ ಮರಳುವ ಎಮ್ಮೆಯ ಹಾಗೆ ಕಂಬ ಹುಡುಕಿಕೊಂಡು ಬರಬೇಕಿತ್ತು.

ಹಳ್ಳಿಯ ಟೆಲಿಫೋನಿಗೆಂದು ಹುಟ್ಟಿದ್ದು

ಪ್ಯಾನೆಲ್‌ನ ಕಥೆ ಬೇರೆ ಕಡೆಯಿಂದ ಬರುತ್ತದೆ. ಬೆಳಕು ಬಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ ಹುಟ್ಟುತ್ತದೆಂದು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲೇ ಕಂಡಿದ್ದ. ಆದರೆ ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಲ್ಯಾಬ್ಸ್ ಜಗತ್ತಿಗೆ ತೋರಿಸಿದ್ದು 1954ರ ಏಪ್ರಿಲ್ 25ರಂದು. ಡ್ಯಾರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್ಸನ್ ಎಂಬ ಮೂವರ ಕೆಲಸವದು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲು ವಿದ್ಯುತ್ತಾಗುತ್ತಿತ್ತು. ಪ್ರದರ್ಶನಕ್ಕೆ ಅವರು ತಿರುಗಿಸಿದ್ದು ಜಾತ್ರೆಯ ತೊಟ್ಟಿಲಿನಂಥ ಒಂದು ಆಟಿಕೆ ಚಕ್ರವನ್ನು.

ಗಮನಿಸಬೇಕಾದ ಸಂಗತಿ ಎಂದರೆ ಚಾಪಿನ್ ಈ ಕೆಲಸಕ್ಕೆ ಇಳಿದದ್ದು ದೊಡ್ಡ ಪವರ್ ಸ್ಟೇಷನ್ ಕಟ್ಟಲಿಕ್ಕಲ್ಲ. ತಂತಿ ತಲುಪದ ದೂರದ ಊರುಗಳ ಟೆಲಿಫೋನ್ ಉಪಕರಣಗಳಲ್ಲಿ ಒಣ ಬ್ಯಾಟರಿಗಳು ಸೆಕೆಗೆ, ತೇವಕ್ಕೆ ಬೇಗ ಕೆಡುತ್ತಿದ್ದವು. ಅದಕ್ಕೆ ಪರ್ಯಾಯ ಬೇಕಿತ್ತು. 1955ರ ಅಕ್ಟೋಬರಿನಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ಹಳ್ಳಿಗಾಡಿನ ಟೆಲಿಫೋನ್ ಲೈನಿನಲ್ಲಿ ಅದನ್ನು ಪರೀಕ್ಷೆಗೂ ಇಟ್ಟರು. ಕೆಲಸ ಮಾಡಿತು. ಬೆಲೆ ಮಾತ್ರ ಕೈಗೆ ಎಟುಕಲಿಲ್ಲ. ಆ ಕಾಲದಲ್ಲಿ ಒಂದು ವಾಟ್‌ಗೆ ಸುಮಾರು 300 ಡಾಲರ್. ಇವತ್ತಿನ ಒಂದು ಎಲ್ಇಡಿ ಬಲ್ಬಿನಷ್ಟು ಶಕ್ತಿಗೆ ಎರಡು ಮೂರು ಸಾವಿರ ಡಾಲರ್!

ಹೀಗಾಗಿ ಹಳ್ಳಿಗೆಂದು ಹುಟ್ಟಿದ್ದು ಆಕಾಶಕ್ಕೆ ಹೋಯಿತು. 1958ರ ಮಾರ್ಚ್ 17ರಂದು ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಎರಡು ಟ್ರಾನ್ಸ್‌ಮಿಟರುಗಳಿದ್ದವು. ಬ್ಯಾಟರಿಯಿಂದ ನಡೆಯುತ್ತಿದ್ದದ್ದು ಜೂನ್ ಹೊತ್ತಿಗೆ ನಿಂತುಹೋಯಿತು. ಸೌರಕೋಶದಿಂದ ನಡೆಯುತ್ತಿದ್ದದ್ದು 1964ರವರೆಗೆ ಸದ್ದು ಮಾಡುತ್ತಲೇ ಇತ್ತು. ತಂತಿಗೆ ಸಿಕ್ಕದೆ ಸುತ್ತುತ್ತಲೇ ಇರುವ ವಸ್ತುವಿಗೆ ಪ್ಯಾನೆಲ್ ಒಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಡಲಿನಿಂದ ಕಾಡಿಗೆ

ನೆಲಕ್ಕೆ ಮರಳಲು ಇನ್ನೂ ಹದಿನೈದು ವರ್ಷ ಹಿಡಿಯಿತು. 1970ರ ಸುಮಾರಿಗೆ ವಾಟ್‌ಗೆ 100 ಡಾಲರ್ ಇದ್ದ ಬೆಲೆಯನ್ನು ಎಲಿಯಟ್ ಬರ್ಮನ್ ಎಂಬ ರಸಾಯನ ವಿಜ್ಞಾನಿ 20 ಡಾಲರಿಗೆ ಇಳಿಸಿದ. ಉಪಗ್ರಹಕ್ಕೆ ಬೇಕಾದ ಶುದ್ಧ ಸಿಲಿಕಾನ್ ಬಿಟ್ಟು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬೇಡವೆಂದು ತಳ್ಳಿದ ಬಿಲ್ಲೆಗಳಿಂದಲೇ ಕೋಶ ಮಾಡಿದ. 1973ರಲ್ಲಿ ಶುರುವಾದ ಅವನ ಸೋಲಾರ್ ಪವರ್ ಕಾರ್ಪೊರೇಷನ್ನಿಗೆ ಬಂಡವಾಳ ಹಾಕಿದ್ದು ತೈಲ ಕಂಪನಿ ಎಕ್ಸಾನ್. ದೊಡ್ಡ ಗಿರಾಕಿಗಳೂ ತೈಲದವರೇ. ಮೆಕ್ಸಿಕೋ ಕೊಲ್ಲಿಯ ತೈಲ ಕಟ್ಟೆಗಳ ಮೇಲೆ ಹಡಗುಗಳನ್ನು ಎಚ್ಚರಿಸುವ ದೀಪಗಳಿಗೆ ಭಾರದ ಬ್ಯಾಟರಿಗಳನ್ನು ಸಾಗಿಸುವುದಕ್ಕಿಂತ ಸಣ್ಣ ಪ್ಯಾನೆಲ್ ಅಗ್ಗವಾಯಿತು.

1970ರ ದಶಕದ ಕೊನೆಯಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಇನ್ನೊಂದು ಬಗೆಯ ಗಿರಾಕಿಗಳು ಕಾಣಿಸಿಕೊಂಡರು. ಪಟ್ಟಣ ಬೇಡವೆಂದು ಕಾಡಿಗೆ ಹೋಗಿ ಗುಡಿಸಲು ಕಟ್ಟಿಕೊಂಡ ಯುವಕರು. ಅವರ ನಡುವೆ ಕದ್ದು ಗಾಂಜಾ ಬೆಳೆಯುವವರೂ ಇದ್ದರು. ಇವರಿಗೆಲ್ಲ ತಂತಿ ಬರುವುದೂ ಇಲ್ಲ, ಬರುವುದು ಬೇಕಾಗಿಯೂ ಇರಲಿಲ್ಲ. ಪ್ಯಾನೆಲ್ ಬರುವ ಮೊದಲು ಕಾರಿನ ಬ್ಯಾಟರಿಯನ್ನೇ ಮನೆಯೊಳಗೆ ತಂದು ದೀಪ, ಟಿವಿ ಹಚ್ಚಿಕೊಳ್ಳುತ್ತಿದ್ದರು. ಆ ಬ್ಯಾಟರಿಯಿಂದ ನಡೆಯುವ ಬಲ್ಬು, ಪಂಪು, ಟಿವಿ ಅವರಿಗೆ ಸಿಗುತ್ತಿದ್ದದ್ದು ಎಲ್ಲಿ? ಮೋಟರ್‌ಹೋಮ್ ಸಾಮಾನಿನ ಅಂಗಡಿಗಳಲ್ಲಿ. ಹೀಗೆ ಗಾಲಿಯ ಮನೆಯ ಸಾಮಾನು ಕಾಡಿನ ಮನೆಗೆ ಹೋಯಿತು, ಕಾಡಿನ ಮನೆಯ ಪ್ಯಾನೆಲ್ ಗಾಲಿಯ ಮನೆಗೆ ಬಂತು.

ಇಬ್ಬರನ್ನೂ ಕೂಡಿಸಿದ್ದು 12 ವೋಲ್ಟ್. 1950ರ ದಶಕದಲ್ಲಿ ಅಮೆರಿಕದ ಕಾರುಗಳು 6 ವೋಲ್ಟಿನಿಂದ 12 ವೋಲ್ಟಿಗೆ ಬದಲಾಗಿದ್ದವು. ಒಂದು ಸಿಲಿಕಾನ್ ಕೋಶ ಕೊಡುವುದು ಸುಮಾರು ಅರ್ಧ ವೋಲ್ಟ್. 12 ವೋಲ್ಟಿನ ಬ್ಯಾಟರಿ ತುಂಬಬೇಕಾದರೆ 14ಕ್ಕಿಂತ ಮೇಲೆ ಒತ್ತಡ ಬೇಕು. ಬಿಸಿಲಿಗೆ ಕಾದರೆ ಕೋಶದ ವೋಲ್ಟೇಜು ಇಳಿಯುತ್ತದೆ, ವೈರಿನಲ್ಲೂ ಸ್ವಲ್ಪ ಕಳೆಯುತ್ತದೆ. ಆ ಲೆಕ್ಕವನ್ನೆಲ್ಲ ಹಿಡಿದು 36 ಕೋಶಗಳನ್ನು ಸಾಲಾಗಿ ಜೋಡಿಸಿ 17-18 ವೋಲ್ಟ್ ಕೊಡುವ ಪ್ಯಾನೆಲ್ ರೂಢಿಗೆ ಬಂತು. ನಮ್ಮೂರಿನ ಅಂಗಡಿಯಲ್ಲಿ ಇವತ್ತಿಗೂ '12 ವೋಲ್ಟ್ ಪ್ಯಾನೆಲ್' ಎಂದು ಕೊಡುವುದು ಇದನ್ನೇ. ಅದರ ಅಳತೆ ತೀರ್ಮಾನವಾದದ್ದು ಕಾರಿನ ಬ್ಯಾಟರಿಯಿಂದ.

ಮರುಭೂಮಿಯ ಊರು

ಇದೆಲ್ಲ ಒಂದೆಡೆ ಕೂಡಿದ್ದನ್ನು ನೋಡಬೇಕೆಂದರೆ ಅರಿಝೋನಾ ಮರುಭೂಮಿಯ ಕ್ವಾರ್ಟ್ಸ್‌ಸೈಟ್‌ಗೆ ಹೋಗಬೇಕು. ಅಲ್ಲಿನ ಸರ್ಕಾರಿ ಭೂಮಿಯಲ್ಲಿ 1983ರಿಂದ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಏಳು ತಿಂಗಳು ಪರವಾನಗಿ ಪಡೆದು ಗಾಡಿ ನಿಲ್ಲಿಸಬಹುದು. ಉತ್ತರದ ಹಿಮ ತಪ್ಪಿಸಿಕೊಂಡು ಬರುವ ನಿವೃತ್ತರನ್ನು ಅಲ್ಲಿ 'ಸ್ನೋಬರ್ಡ್' ಎನ್ನುತ್ತಾರೆ, ಅಂದರೆ ಹಿಮದ ಹಕ್ಕಿಗಳು. ಗಾಡಿ ನಿಲ್ಲಿಸುವಲ್ಲಿ ಕರೆಂಟಿನ ಕಂಬವಿಲ್ಲ, ಬಿಸಿಲು ಧಾರಾಳ. ಗಾಡಿಗೆ ಪ್ಯಾನೆಲ್ ಹೊಂದಿಸಿ ಬಾಳುವುದನ್ನು ಜನ ಒಬ್ಬರನ್ನೊಬ್ಬರು ನೋಡಿ ಕಲಿತದ್ದು ಇಂಥ ಜಾಗಗಳಲ್ಲಿ.

ಮೇಲ್ಛಾವಣಿಗೆ ಮೊಳೆ ಹೊಡೆದ ಪ್ಯಾನೆಲ್ ಇರುವಾಗ ನೆಲದ ಮೇಲಿಡುವ ಪ್ಯಾನೆಲ್ ಏಕೆ ಬೇಕಾಯಿತು ಎಂದು ಕೇಳಬಹುದು. ಬಿಸಿಲೂರಿನವರಿಗೆ ಉತ್ತರ ಸುಲಭ. ಮನುಷ್ಯನಿಗೆ ನೆರಳು ಬೇಕು, ಪ್ಯಾನೆಲ್‌ಗೆ ಬಿಸಿಲು ಬೇಕು. ಗಾಡಿ ಮರದ ಕೆಳಗೆ ನಿಂತರೆ ಛಾವಣಿಯ ಪ್ಯಾನೆಲ್ ಸತ್ತಂತೆ. ಸಾಲಾಗಿ ಕೂತ ಕೋಶಗಳಲ್ಲಿ ಒಂದೆರಡರ ಮೇಲೆ ಕೊಂಬೆಯ ನೆರಳು ಬಿದ್ದರೂ ಇಡೀ ಸಾಲಿನ ಹರಿವು ಕುಗ್ಗುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ಮಲಗಿದ ಪ್ಯಾನೆಲ್ಲಿಗಿಂತ ಸೂರ್ಯನತ್ತ ಎತ್ತಿ ಒರಗಿಸಿದ್ದು ಹೆಚ್ಚು ಕೊಡುತ್ತದೆ. ಸೂಟ್‌ಕೇಸಿನ ಹಾಗೆ ಮಡಚುವ ಪ್ಯಾನೆಲ್ ಆದರೆ ಗಾಡಿ ನೆರಳಲ್ಲಿ, ಅದು ಬಿಸಿಲಲ್ಲಿ. ತೊಂದರೆಗಳೂ ಉಂಟು: ದಿನಕ್ಕೆರಡು ಬಾರಿ ತಿರುಗಿಸಿಡಬೇಕು, ಗಾಳಿಗೆ ಬೀಳದಂತೆ ಕಟ್ಟಬೇಕು, ಕಳ್ಳರಿಂದ ಕಾಯಬೇಕು. ವೈರು ಉದ್ದವೂ ತೆಳ್ಳಗೂ ಇದ್ದರೆ ದಾರಿಯಲ್ಲೇ ಕರೆಂಟು ಸೋರುತ್ತದೆ.

ಎಣಿಸಿ ಉಣ್ಣುವ ಲೆಕ್ಕ

ಇನ್ನು ಲೆಕ್ಕ. 100 ವಾಟ್‌ನ ಒಂದು ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ, ನಷ್ಟ ಕಳೆದು, 300ರಿಂದ 400 ವಾಟ್-ಅವರ್ ಕೊಡುತ್ತದೆ. ಮೀಟರಿನ ಭಾಷೆಯಲ್ಲಿ ಅರ್ಧ ಯೂನಿಟ್ಟೂ ಇಲ್ಲ. 5 ವಾಟ್‌ನ ಮೂರು ದೀಪ ನಾಲ್ಕು ತಾಸು ಉರಿದರೆ 60. ಎರಡು ಮೊಬೈಲಿಗೆ 30. 20 ವಾಟ್‌ನ ಫ್ಯಾನು ರಾತ್ರಿ ಎಂಟು ತಾಸು ತಿರುಗಿದರೆ 160. ಅಲ್ಲಿಗೆ 250. ಉಳಿದದ್ದರಲ್ಲಿ ನೀರಿನ ಪಂಪು. ಬ್ಯಾಟರಿಯಿಂದ ನಡೆಯುವ ಫ್ರಿಜ್ ಇಟ್ಟರೆ ಅದೊಂದೇ ಪ್ಯಾನೆಲ್ಲಿನ ಪೂರ್ತಿ ದುಡಿಮೆ ತಿಂದುಬಿಡುತ್ತದೆ. ಎಸಿಯ ಮಾತೇ ಬೇಡ. ಸಂಗ್ರಹಕ್ಕೂ ಮಿತಿಯಿದೆ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ 1,200 ವಾಟ್-ಅವರ್ ಇದ್ದರೂ ಅದು ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು.

ಹಾಗಾದರೆ ಸಣ್ಣ ಪ್ಯಾನೆಲ್ ನಿಜಕ್ಕೂ ಮನೆ ನಡೆಸಲು ಶುರು ಮಾಡಿದ್ದು ಯಾವಾಗ? ಪ್ಯಾನೆಲ್ ಅಗ್ಗವಾದಾಗ ಎಂಬುದು ಅರ್ಧ ಉತ್ತರ. ವಾಟ್‌ಗೆ 20 ಡಾಲರ್ ಇದ್ದದ್ದು ಇವತ್ತು ಒಂದು ಡಾಲರಿಗಿಂತ ಎಷ್ಟೋ ಕೆಳಗಿದೆ, ನಿಜ. ಉಳಿದರ್ಧ ಉತ್ತರ ದೀಪದಲ್ಲಿದೆ. ಹಳೆಯ ಮೋಟರ್‌ಹೋಮ್‌ನ ಒಂದು ಬಲ್ಬು 15ರಿಂದ 20 ವಾಟ್ ತಿನ್ನುತ್ತಿತ್ತು. 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಪ್ರಕಾಶಮಾನವಾದ ನೀಲಿ ಎಲ್ಇಡಿ ಸಿದ್ಧವಾಯಿತು, ಅದರಿಂದ ಬಿಳಿ ಎಲ್ಇಡಿ ಬಂತು. ಈಗ ಅಷ್ಟೇ ಬೆಳಕಿಗೆ 2-3 ವಾಟ್ ಸಾಕು. ನೀಲಿ ಎಲ್ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ಆಮೇಲೆ ಲಿಥಿಯಂ ಬ್ಯಾಟರಿ ಬಂದು ಭಾರ ಇಳಿಸಿತು, ಅರ್ಧಕ್ಕೆ ನಿಲ್ಲಿಸಬೇಕೆಂಬ ಕಟ್ಟು ಸಡಿಲಿಸಿತು. ಅಂದರೆ ಪ್ಯಾನೆಲ್ ಬೆಳೆದು ಮನೆಯ ಅಗತ್ಯಕ್ಕೆ ಮುಟ್ಟಿದ್ದು ಸ್ವಲ್ಪ, ಅಗತ್ಯವೇ ಇಳಿದು ಪ್ಯಾನೆಲ್‌ಗೆ ಮುಟ್ಟಿದ್ದು ಹೆಚ್ಚು.

ಗಾಡಿಯನ್ನೇ ಸೂರ್ಯನಿಂದ ಓಡಿಸುವ ಪ್ರಯತ್ನಗಳೂ ನಡೆದಿವೆ. 2021ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಸ್ಟೆಲ್ಲಾ ವಿಟಾ' ಎಂಬ ಸೌರ ಮನೆಗಾಡಿಯನ್ನು ಸ್ಪೇನಿನ ದಕ್ಷಿಣ ತುದಿಯ ತಾರಿಫಾವರೆಗೆ ಓಡಿಸಿದರು. ಅದಕ್ಕೆ ಛಾವಣಿ ಬಿಚ್ಚಿ ಹರಡಿದರೆ 17 ಚದರ ಮೀಟರಿಗೂ ಹೆಚ್ಚು ಪ್ಯಾನೆಲ್ ಬೇಕಾಯಿತು. ಕೈಯಲ್ಲಿ ಎತ್ತಿಡುವ ಪ್ಯಾನೆಲ್ ಗಾಡಿ ಓಡಿಸುವುದಿಲ್ಲ, ಗಾಡಿಯೊಳಗಿನ ಬದುಕನ್ನು ನಡೆಸುತ್ತದೆ. ಈ ವ್ಯತ್ಯಾಸ ತಿಳಿಯದೆ ಕೊಂಡವರಿಗೆ ನಿರಾಸೆಯಾಗುತ್ತದೆ.

ಶೋಕಿ ಅಲ್ಲದ ಅಲೆಮಾರಿತನ

2008ರ ಆರ್ಥಿಕ ಕುಸಿತದ ನಂತರ ಮೋಟರ್‌ಹೋಮ್‌ಗೆ ಇನ್ನೊಂದು ಮುಖ ಬಂತು. ಮನೆ, ಉಳಿತಾಯ ಕಳೆದುಕೊಂಡ ಅರವತ್ತು ದಾಟಿದ ಅಮೆರಿಕನ್ನರು ಬಾಡಿಗೆ ಕಟ್ಟಲಾಗದೆ ವ್ಯಾನಿನಲ್ಲೇ ವಾಸ ಹೂಡಿದರು. ಋತುಮಾನಕ್ಕೆ ತಕ್ಕಂತೆ ಗೋದಾಮಿಗೆ, ಕ್ಯಾಂಪ್‌ಗ್ರೌಂಡಿಗೆ, ಸಕ್ಕರೆ ಬೀಟ್‌ರೂಟ್ ಕಟಾವಿಗೆ ಕೂಲಿಗೆ ಹೋದರು. ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ ಇವರೊಂದಿಗೆ ತಿರುಗಿ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಪುಸ್ತಕ ಬರೆದರು. ಅದೇ ಹೆಸರಿನ ಸಿನಿಮಾಕ್ಕೆ 2021ರಲ್ಲಿ ಆಸ್ಕರ್ ಬಂತು. ಇವರಿಗೆ ಪ್ಯಾನೆಲ್ ವಿಹಾರದ ಸಾಮಾನಲ್ಲ. ಕ್ಯಾಂಪ್‌ಗ್ರೌಂಡಿನ ಬಾಡಿಗೆ ಉಳಿಸುವ ದಾರಿ, ಮುಂದಿನ ಕೆಲಸದ ಕರೆ ಬರುವ ಫೋನಿನ ಜೀವ.

ಸಕ್ಕರೆಯ ಬೀಟ್‌ರೂಟ್ ಕಟಾವಿಗೆ ಗಾಡಿಯ ಮನೆಯಲ್ಲಿ ಹೋಗುವವರು ಎಂದ ಕೂಡಲೇ ಉತ್ತರ ಕರ್ನಾಟಕದವರಿಗೆ ಕಬ್ಬಿನ ಗ್ಯಾಂಗು ನೆನಪಾಗುತ್ತದೆ. ಕಾರ್ಖಾನೆ ಹೊಗೆಯಾಡುವ ತಿಂಗಳುಗಳಲ್ಲಿ ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ಒಣ ತಾಲ್ಲೂಕುಗಳಿಂದ ಗಂಡ-ಹೆಂಡತಿ ಜೋಡಿಗಳು ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಹೊಲದ ಬದುವಿನಲ್ಲಿ ಟಾರ್ಪಾಲಿನ ಗುಡಿಸಲು. ಒಂದು ಪಡ ಕಡಿದಾದ ಮೇಲೆ ಗುಡಿಸಲು ಮುಂದಿನ ಹೊಲಕ್ಕೆ. ಸುದ್ದಿಗೆಂದು ಹೋದಾಗ ಆ ಗುಡಿಸಲುಗಳ ಮೇಲೆ ಪುಸ್ತಕದಗಲದ ಪ್ಯಾನೆಲ್‌ಗಳನ್ನು ನಾನು ಕಂಡಿದ್ದೇನೆ. ಸಂತೆಯಲ್ಲಿ ಕೊಂಡವು, ಗ್ಯಾರಂಟಿಯಿಲ್ಲದವು. ರಾತ್ರಿ ಒಂದು ದೀಪ, ಹಗಲು ಒಂದು ಮೊಬೈಲು. ಬ್ಯಾಟರಿ ಕೆಟ್ಟರೆ ಎಸೆಯುವುದೇ.

ಕುಟುಂಬಕ್ಕೆ ಕೊಟ್ಟ ಕರೆಂಟು

ಚಲಿಸುವ ಮನೆಗೆ ಸರ್ಕಾರವೇ ಪ್ಯಾನೆಲ್ ಕೊಡಬಹುದು ಎಂಬುದಕ್ಕೆ ದೊಡ್ಡ ಉದಾಹರಣೆ ಮಂಗೋಲಿಯಾ. ಅಲ್ಲಿನ ಪಶುಪಾಲಕರು 'ಗೆರ್' ಎಂಬ ದುಂಡನೆಯ ಕಂಬಳಿ ಡೇರೆಯಲ್ಲಿ ವಾಸಿಸುತ್ತಾರೆ. ಹುಲ್ಲು ನೋಡಿಕೊಂಡು ವರ್ಷಕ್ಕೆ ಹಲವು ಸಲ ಡೇರೆ ಕಿತ್ತು ಹಾಕುತ್ತಾರೆ. ಅವರ ಹಿಂದೆ ಕಂಬ ನೆಡುತ್ತಾ ಹೋಗುವುದು ಆಗದ ಮಾತು. 2000ದ ಸುಮಾರಿಗೆ ಸರ್ಕಾರ 'ಒಂದು ಲಕ್ಷ ಸೌರ ಗೆರ್' ಕಾರ್ಯಕ್ರಮ ಶುರು ಮಾಡಿತು. ಮುಂದೆ ವಿಶ್ವಬ್ಯಾಂಕ್ ಮತ್ತು ನೆದರ್‌ಲ್ಯಾಂಡ್ಸ್ ನೆರವು ಸೇರಿತು. ಸುಮಾರು 50 ವಾಟ್‌ನ, ಬಿಚ್ಚಿ ಹೇರಿಕೊಂಡು ಹೋಗಬಹುದಾದ ಪ್ಯಾನೆಲ್. ದೀಪ, ಟಿವಿ, ಮೊಬೈಲಿಗೆ ಸಾಕಾಗುವಷ್ಟು. ಬೆಲೆಯಲ್ಲಿ ಒಂದು ಪಾಲು ಸಬ್ಸಿಡಿ, ಉಳಿದದ್ದು ಕುಟುಂಬದ್ದು. 2012ರ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಇದು ತಲುಪಿತ್ತು. ಹಳ್ಳಿಗಾಡಿನಲ್ಲಿ ಮಾರಾಟ ಮತ್ತು ದುರಸ್ತಿ ಕೇಂದ್ರಗಳನ್ನೂ ತೆರೆದರು.

ಇಲ್ಲಿ ಎರಡು ಸಂಗತಿ ಮುಖ್ಯ. ಪ್ಯಾನೆಲ್ ಕೊಟ್ಟದ್ದು ಜಾಗಕ್ಕಲ್ಲ, ಕುಟುಂಬಕ್ಕೆ. ಕೊಟ್ಟು ಕೈತೊಳೆದುಕೊಳ್ಳದೆ ರಿಪೇರಿಗೂ ದಾರಿ ಮಾಡಿದ್ದು.

ಈ ಎರಡನೆಯದನ್ನು ನಾವು ಹೊರಗಿನಿಂದ ಕಲಿಯಬೇಕಿಲ್ಲ. 1995ರಲ್ಲಿ ಹರೀಶ್ ಹಂದೆ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೊ ಸಂಸ್ಥೆ ಬ್ಯಾಂಕ್ ಸಾಲ ಮತ್ತು ಮನೆ ಬಾಗಿಲಿನ ಸರ್ವಿಸ್ ಎರಡನ್ನೂ ಸೇರಿಸಿಯೇ ಹಳ್ಳಿಗಳಿಗೆ ಸೌರದೀಪ ತಲುಪಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಳ್ಳುಗಾಡಿ ವ್ಯಾಪಾರಿಗಳಿಗೆ ಸಂಜೆ ಹೊತ್ತು ಚಾರ್ಜ್ ಆದ ಬ್ಯಾಟರಿ ದೀಪ ಬಾಡಿಗೆಗೆ ಕೊಡುವ ಏರ್ಪಾಡನ್ನೂ ಆ ಸಂಸ್ಥೆ ಮಾಡಿತ್ತು. ತಳ್ಳುಗಾಡಿಯೂ ಆರ್‌ಆರ್ ನಂಬರ್ ಇಲ್ಲದ ಗಾಲಿಯೇ ಅಲ್ಲವೇ?

ಮೊದಲನೆಯದು ಮಾತ್ರ ನಮ್ಮಲ್ಲಿ ಇನ್ನೂ ಬಾಕಿಯಿದೆ. 2017ರ ಸೌಭಾಗ್ಯ ಯೋಜನೆಯಲ್ಲಿ ತಂತಿ ತಲುಪದ ದೂರದ ಮನೆಗಳಿಗೆ 200-300 ವಾಟ್‌ನ ಸೌರ ಘಟಕ, ಐದು ಎಲ್ಇಡಿ ದೀಪ, ಒಂದು ಫ್ಯಾನು ಕೊಡುವ ಅವಕಾಶವಿತ್ತು. ಸಾಮಾನು ಸರಿಯಾದದ್ದೇ. ಆದರೆ ಲೆಕ್ಕ ಮತ್ತೆ ನಿಂತ ಮನೆಯದ್ದು. 2023ರ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಮೀಟರ್ ಇದ್ದರೆ ತಾನೆ ಯೂನಿಟ್ಟು? ಬೆಳಗಾವಿ, ಕೊಪ್ಪಳದ ಕಡೆಯಿಂದ ಕುರಿ ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ಹೊಲದಿಂದ ಹೊಲಕ್ಕೆ ಹೋಗುವ ಕುಟುಂಬಕ್ಕೆ ಊರಲ್ಲೊಂದು ಮೀಟರ್ ಇರಬಹುದು. ಆದರೆ ಹಟ್ಟಿ ಹಾಕಿದ ಹೊಲದಲ್ಲಿ, ತೋಳ ಬರುವ ಕತ್ತಲೆಯಲ್ಲಿ, ಆ ಮೀಟರು ಬೆಳಕು ಕೊಡುವುದಿಲ್ಲ.

ಅವರಿಗೆ ಬೇಕಿರುವುದು 200 ಯೂನಿಟ್ ಅಲ್ಲ. ಮೇಲಿನ ಲೆಕ್ಕವನ್ನೇ ಹಿಡಿದರೆ 50 ವಾಟ್‌ನ ಮಡಚುವ ಪ್ಯಾನೆಲ್, ಒಂದು ಒಳ್ಳೆಯ ಬ್ಯಾಟರಿ, ಎರಡು ಮೂರು ದೀಪ, ಎರಡು ಮೊಬೈಲ್ ಸಾಕೆಟ್ ಸಾಕು. ತಿಂಗಳಿಗೆ ಐದಾರು ಯೂನಿಟ್ ಆದೀತು. ಕೆಟ್ಟಾಗ ಯಾವ ತಾಲ್ಲೂಕಿನಲ್ಲಿದ್ದರೂ ಬ್ಯಾಟರಿ ಬದಲಿಸಿಕೊಡುವ ಅಂಗಡಿ ಇರಬೇಕು. ಅರ್ಜಿಯಲ್ಲಿ 'ಮನೆ ಎಲ್ಲಿದೆ' ಎನ್ನುವ ಕಾಲಂ ಬದಲು 'ಮನೆಯವರು ಯಾರು' ಎನ್ನುವ ಕಾಲಂ ಇದ್ದರೆ ಉಳಿದ ಕೆಲಸವನ್ನು ಎಪ್ಪತ್ತು ವರ್ಷ ಹಳೆಯ ಸಿಲಿಕಾನ್ ಕೋಶ ಮಾಡಿಕೊಳ್ಳುತ್ತದೆ. ಅದು ಹುಟ್ಟಿದ್ದೇ ತಂತಿ ತಲುಪದವರಿಗಾಗಿ.